ಸತ್ತ ಮೇಲಲ್ಲ, ಬದುಕಿದ್ದಾಗ ಬರೀರಿ



ಕನ್ನಡ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ವಾಕ್ಯ ಕಾಯಂ ಆಗಿ ಕೂತಿದೆ. ಅಚ್ಚುಮೊಳೆ ಹೋಗಿ ಕಂಪ್ಯೂಟರ್ ಬಂತು. ಕಪ್ಪು ಬಿಳುಪು ಹೋಗಿ ಬಣ್ಣ ಬಂತು. ಸಂಪಾದಕರು ಬಂದರು, ಹೋದರು. ಈ ವಾಕ್ಯ ಮಾತ್ರ ಕದಲಲಿಲ್ಲ. 'ಜೀವನದಲ್ಲಿ ಜಿಗುಪ್ಸೆಗೊಂಡು ಆತ್ಮಹತ್ಯೆ ಮಾಡಿಕೊಂಡ ಘಟನೆ ನಡೆದಿದೆ.' ಅದರ ಹಿಂದೆ ಮುಂದೆ ಹೆಸರು, ವಯಸ್ಸು, ಊರು, ಹೇಗೆ ಸತ್ತ ಅನ್ನೋದು, ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಅನ್ನೋದು. ಒಂದು ಜೀವ ನಾಲ್ಕು ಸಾಲಿನಲ್ಲಿ ಮುಗೀತು.

ಯಾತರ ಮೇಲೆ ಜಿಗುಪ್ಸೆ? ಯಾವ ಜೀವನ? ಸ್ಕಾಲರ್‌ಷಿಪ್ಪು ತಿಂಗಳುಗಟ್ಟಲೆ ಬರದ ಜೀವನವೋ? ಸಾಲಗಾರ ಬಾಗಿಲಲ್ಲಿ ಕೂತ ಜೀವನವೋ? ಕ್ಲಾಸಿನಲ್ಲಿ ಪಕ್ಕದವನು ಬೆಂಚು ಬದಲಾಯಿಸಿದ ಜೀವನವೋ? ಆ ವಾಕ್ಯ ಇದನ್ನೆಲ್ಲ ಕೇಳೋದಿಲ್ಲ. ಯಾರೂ ಕೇಳಬಾರದು ಅಂತಲೇ ಅದು ಹುಟ್ಟಿರೋದು. ಠಾಣೆಯ ರೈಟರ್ ಬರೆದದ್ದನ್ನ ವರದಿಗಾರ ಬರೀತಾನೆ. ವರದಿಗಾರ ಬರೆದದ್ದನ್ನ ಊರು ಟೀ ಅಂಗಡಿಯಲ್ಲಿ ಓದಿ ಪುಟ ತಿರುಗಿಸುತ್ತೆ.

ಇದು ಒಂದು ಬಗೆಯ ಸುದ್ದಿ. ಇನ್ನೊಂದು ಬಗೆಯದು ಟಿ.ವಿ.ಯದು. ಸತ್ತವರು ಸಿನಿಮಾದವರೋ ದುಡ್ಡಿನವರೋ ಆಗಿದ್ದರೆ, ಇಲ್ಲವೇ ಸಾವಿಗೆ ಪ್ರೇಮದ ಕತೆ ಅಂಟಿಸೋಕೆ ಸಾಧ್ಯವಾದರೆ, ಮೂರು ದಿನ ಜಾತ್ರೆ. ಕೆಂಪು ಪಟ್ಟಿ, ಎದೆ ನಡುಗಿಸೋ ಸಂಗೀತ, ಸತ್ತ ಕೋಣೆಯ ಬಾಗಿಲು, ಗೊಂಬೆ ಚಿತ್ರದಲ್ಲಿ ಸಾವಿನ ಮರುಪ್ರದರ್ಶನ, ಡೆತ್‌ನೋಟಿನ ಒಂದೊಂದು ಅಕ್ಷರ. ಹೆಣದ ಮುಂದೆ ಕೂತ ತಾಯಿಯ ಬಾಯಿಗೆ ಮೈಕು ಹಿಡಿದು 'ಏನನ್ನಿಸ್ತಿದೆ ಅಮ್ಮಾ?' ಅಂತ ಕೇಳ್ತಾರೆ. ಏನನ್ನಿಸಬೇಕು?

ಒಂದು ಪಿಸುಮಾತು, ಇನ್ನೊಂದು ಕಿರುಚಾಟ. ಆದರೆ ಎರಡೂ ಮಾಡೋ ಕೆಲಸ ಒಂದೇ. ಹೇಗೆ ಸತ್ತ ಅನ್ನೋದನ್ನ ಬಿಡಿಸಿ ಬಿಡಿಸಿ ಹೇಳ್ತವೆ. ಹೇಗೆ ಬದುಕಿದ್ದ ಅನ್ನೋದನ್ನ ನುಂಗಿಬಿಡ್ತವೆ.

ನಾವು ಕೇಳೋದು ಇದಕ್ಕೆ ತಿರುಗುಮುರುಗು. ಹೇಗೆ ಸತ್ತ ಅನ್ನೋದನ್ನ ಮುಚ್ಚಿಡಿ. ಹೇಗೆ ಬದುಕಿದ್ದ ಅನ್ನೋದನ್ನ ಬಿಚ್ಚಿಡಿ. ಒಂದು ಬಣವೆ ಉರಿದು ಹೋಯ್ತು ಅಂತ ಇಟ್ಟುಕೊಳ್ಳಿ. ಕಡ್ಡಿ ಗೀರೋದು ಹೇಗೆ ಅಂತ ಊರಿಗೆಲ್ಲ ಹೇಳಿಕೊಟ್ಟರೆ ಇನ್ನೊಂದು ಬಣವೆ ಉರಿಯುತ್ತೆ. ಆ ಬಣವೆಗೆ ಹನಿ ನೀರು ಬೀಳದ ಹಾಗೆ ನೋಡಿಕೊಂಡವರು ಯಾರು ಅಂತ ಬರೆದರೆ ಉಳಿದ ಬಣವೆಗಳು ಉಳೀತವೆ. ನಮ್ಮ ಪತ್ರಿಕೆಗಳು ಕಡ್ಡಿಯ ಬಗ್ಗೆ ಪುಟಗಟ್ಟಲೆ ಬರೀತವೆ. ನೀರು ಬಿಡದವರ ಬಗ್ಗೆ ಮಾತ್ರ ಇವರ ಪೆನ್ನಿಗೆ ಶಾಯಿ ಇರೋದಿಲ್ಲ.

*

'ಬರೆದರೆ ಏನಾಗಿಬಿಡುತ್ತೆ, ಓದಿದವರೆಲ್ಲ ಸಾಯ್ತಾರಾ?' ಅಂತ ಕೇಳೋರಿದ್ದಾರೆ. ಎಲ್ಲರೂ ಸಾಯೋದಿಲ್ಲ. ಆದರೆ ಆ ಹೊತ್ತಿಗೆ ಸಾವಿನ ಅಂಚಿನಲ್ಲಿ ಕೂತಿರೋ ಒಬ್ಬನಿಗೆ ಆ ಸುದ್ದಿ ದಾರಿ ತೋರಿಸುತ್ತೆ. ಇದು ಊಹೆಯ ಮಾತಲ್ಲ. 1974ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ಪತ್ರಿಕೆಯ ಮುಖಪುಟದಲ್ಲಿ ಬಂದ ಇಂಥ ಸುದ್ದಿಗಳನ್ನೂ ಅವುಗಳ ನಂತರದ ಸಾವಿನ ಲೆಕ್ಕವನ್ನೂ ಎದುರುಬದುರು ಇಟ್ಟು ನೋಡಿದ. ಸುದ್ದಿ ದೊಡ್ಡದಾದಷ್ಟೂ ಸಾವು ಏರಿತ್ತು. 1774ರಲ್ಲಿ ಗಯಟೆ ಬರೆದ ಕಾದಂಬರಿಯೊಂದರ ನಾಯಕ ವರ್ಥರ್. ಅವನನ್ನು ನೋಡಿ ಅಂದಿನ ಯುವಕರು ಪ್ರಾಣ ಕಳೆದುಕೊಂಡರು ಅಂತ ಯುರೋಪಿನಲ್ಲಿ ಗುಲ್ಲಾಗಿತ್ತು. ಹಾಗಾಗಿ ಫಿಲಿಪ್ಸ್ ಇದನ್ನ 'ವರ್ಥರ್ ಪರಿಣಾಮ' ಅಂತ ಕರೆದ.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಕತೆ ಇನ್ನೂ ಸ್ಪಷ್ಟ. ಅಲ್ಲಿ 1978ರಲ್ಲಿ ನೆಲದಡಿ ರೈಲು ಶುರುವಾಯ್ತು. 1980ರ ದಶಕದ ನಡುವಿಗೆ ಅಲ್ಲಿ ಪ್ರಾಣ ಕಳೆದುಕೊಳ್ಳೋರು ಹೆಚ್ಚಾದರು. ಪತ್ರಿಕೆಗಳು ಒಂದೊಂದು ಸಾವನ್ನೂ ನಾಟಕ ಮಾಡಿ ಬರೀತಿದ್ದವು. 1987ರಲ್ಲಿ ಅಲ್ಲಿನ ವೈದ್ಯರು, ತಜ್ಞರು ಸೇರಿ ಪತ್ರಿಕೆಗಳ ಮುಂದೆ ನಿಯಮದ ಪಟ್ಟಿ ಇಟ್ಟರು: ಹೀಗೆ ಬರೀಬೇಡಿ, ಹೀಗೆ ಬರೀರಿ. ಪತ್ರಿಕೆಗಳು ಒಪ್ಪಿದವು. ಅದೇ ವರ್ಷದ ಮೊದಲ ಆರು ತಿಂಗಳಿಗೆ ಹೋಲಿಸಿದರೆ ಎರಡನೇ ಆರು ತಿಂಗಳಲ್ಲಿ ಆ ರೈಲಿನಲ್ಲಿ ಇಂಥ ಘಟನೆಗಳು ಮುಕ್ಕಾಲು ಪಾಲಿಗೂ ಹೆಚ್ಚು ಇಳಿದವು. ಗೋಡೆ ಕಟ್ಟಲಿಲ್ಲ, ಪೊಲೀಸರನ್ನ ನಿಲ್ಲಿಸಲಿಲ್ಲ. ಬರೆಯೋದನ್ನ ಬದಲಾಯಿಸಿದರು. ಜೀವ ಉಳೀತು.

ವಿಯೆನ್ನಾ ದೂರ ಆಯ್ತು ಅನ್ನೋರು ನಮ್ಮ ರಾಜ್ಯದ್ದನ್ನೇ ನೋಡಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು. ಟಿ.ವಿ.ಗಳು ಹಗಲೂ ರಾತ್ರಿ ಅದನ್ನೇ ತೋರಿಸಿದವು. ಬೆನ್ನಿಗೇ ಅಲ್ಲೊಬ್ಬ ಅಭಿಮಾನಿ, ಇಲ್ಲೊಬ್ಬ ಅಭಿಮಾನಿ ಪ್ರಾಣ ಕಳೆದುಕೊಂಡ ಅನ್ನೋ ಸುದ್ದಿಗಳು ಶುರುವಾದವು. ಅವನ್ನೂ ದೊಡ್ಡ ಅಭಿಮಾನ ಅನ್ನೋ ಹಾಗೆ ತೋರಿಸಿದರು. ಕೊನೆಗೆ ದುಃಖದಲ್ಲಿದ್ದ ಮನೆಯವರೇ ಮುಂದೆ ಬಂದು, ಹೀಗೆ ಮಾಡಬೇಡಿ ಅಂತ ಅಭಿಮಾನಿಗಳನ್ನ ಬೇಡಿಕೊಳ್ಳಬೇಕಾಯ್ತು. ಅದೇ ಸಾವಿನ ಇನ್ನೊಂದು ಸುದ್ದಿ ಅಂದರೆ ಅವರ ಕಣ್ಣು ದಾನ ಮಾಡಿದ್ದು. ಆ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಅದೂ ಟಿ.ವಿ.ಯಲ್ಲಿ ಬಂತು. ಆಮೇಲೆ ರಾಜ್ಯದ ತುಂಬ ಜನ ಸಾಲುಗಟ್ಟಿ ಕಣ್ಣು ಕೊಡ್ತೀವಿ ಅಂತ ಹೆಸರು ಬರೆಸಿದರು. ಒಬ್ಬನೇ ಮನುಷ್ಯನ ಸಾವು, ಎರಡು ಸುದ್ದಿ. ಒಂದನ್ನು ಕಂಡು ಕೆಲವರು ಸಾವಿನ ಕಡೆ ನಡೆದರು, ಇನ್ನೊಂದನ್ನು ಕಂಡು ಸಾವಿರಾರು ಜನ ಬೆಳಕಿನ ಕಡೆ ನಡೆದರು. ಸುದ್ದಿಗೆ ಕೈಕಾಲು ಇಲ್ಲ ಅಂತ ಇನ್ನು ಯಾರು ಹೇಳ್ತಾರೆ?

*

ಈಗ ನಮ್ಮ ವಿಚಾರಕ್ಕೆ ಬರೋಣ.

ರೋಹಿತ್ ವೇಮುಲ ಹೆಸರು ಗೊತ್ತಿಲ್ಲದ ಹಾಸ್ಟೆಲ್ಲು ಈ ದೇಶದಲ್ಲಿ ಇರಲಾರದು. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ, ಅಂಬೇಡ್ಕರ್ ವಿದ್ಯಾರ್ಥಿ ಸಂಘದವರು. 2016ರ ಜನವರಿ 17ರಂದು ತೀರಿಕೊಂಡರು. ಮಾರನೇ ದಿನ ದೆಹಲಿಯ ಕ್ಯಾಮರಾಗಳೆಲ್ಲ ಆ ಕ್ಯಾಂಪಸ್ಸಿಗೆ ನುಗ್ಗಿದವು. ಅವರ ಕೊನೆಯ ಪತ್ರವನ್ನ ಇಡಿಯಾಗಿ ಅಚ್ಚು ಹಾಕಿದರು, ಓದಿ ತೋರಿಸಿದರು, ಭಾಷೆ ಭಾಷೆಗೆ ತರ್ಜುಮೆ ಮಾಡಿದರು. ನಾವಿಲ್ಲಿ ಆ ಪತ್ರದ ಒಂದು ಸಾಲನ್ನೂ ಬರೆಯೋದಿಲ್ಲ. ನಮ್ಮ ಪ್ರಶ್ನೆ ಬೇರೆ. ಜನವರಿ 17ಕ್ಕೆ ಮುಂಚೆ ಆ ಕ್ಯಾಮರಾಗಳು ಎಲ್ಲಿದ್ದವು?

ಸುದ್ದಿ ಇರಲಿಲ್ಲ ಅಂತ ಹೇಳೋ ಹಾಗಿಲ್ಲ. 2015ರ ಆಗಸ್ಟಿನಿಂದಲೇ ಗಲಾಟೆ ಇತ್ತು. ಕೇಂದ್ರ ಮಂತ್ರಿಯೊಬ್ಬರು ಈ ಹುಡುಗರ ಸಂಘದ ವಿರುದ್ಧ ದೆಹಲಿಗೆ ಕಾಗದ ಬರೆದಿದ್ದರು. ದೆಹಲಿಯಿಂದ ವಿಶ್ವವಿದ್ಯಾಲಯಕ್ಕೆ ಕಾಗದದ ಮೇಲೆ ಕಾಗದ ಬಂತು. ತಿಂಗಳುಗಟ್ಟಲೆ ಫೆಲೋಶಿಪ್ ಹಣ ಕೈಗೆ ಬಂದಿರಲಿಲ್ಲ. ಐದು ಜನ ದಲಿತ ವಿದ್ಯಾರ್ಥಿಗಳನ್ನ ಹಾಸ್ಟೆಲ್ಲಿನಿಂದ ಹೊರಗೆ ಹಾಕಿದರು. ಅವರು ಜನವರಿಯ ಚಳಿಯಲ್ಲಿ ಕ್ಯಾಂಪಸ್ಸಿನ ಬಯಲಲ್ಲೇ ಮಲಗಿದರು. ಆ ಜಾಗಕ್ಕೆ ಅವರಿಟ್ಟ ಹೆಸರು ವೆಲಿವಾಡ. ನಾವು ಹೊಲಗೇರಿ ಅನ್ನೋದನ್ನ ತೆಲುಗಿನವರು ವೆಲಿವಾಡ ಅಂತಾರೆ. ವಿಶ್ವವಿದ್ಯಾಲಯದ ಒಳಗೇ ಒಂದು ಹೊಲಗೇರಿ ಎದ್ದಿತ್ತು ಗೆಳೆಯರೇ! ಇದಕ್ಕಿಂತ ದೊಡ್ಡ ಸುದ್ದಿ ಬೇಕಾ? ಐದು ಹುಡುಗರು ಬದುಕಿದ್ದರು, ಮಾತಾಡ್ತಿದ್ದರು, ಕೇಳಿದರೆ ಎಲ್ಲವನ್ನೂ ಹೇಳ್ತಿದ್ದರು. ದೊಡ್ಡ ಪತ್ರಿಕೆಗಳ ಮುಖಪುಟದಲ್ಲಿ ಅವರಿಗೆ ಜಾಗ ಇರಲಿಲ್ಲ. ಒಬ್ಬ ಹೋದ ಮೇಲೆ ಪುಟಗಳು ಸಾಲಲಿಲ್ಲ.

ಆ ಪುಟಗಳಲ್ಲೂ ಏನು ನಡೀತು? ಕೆಲವೇ ದಿನದಲ್ಲಿ ಚರ್ಚೆ ಎಲ್ಲಿಗೆ ತಿರುಗಿತು ನೆನಪಿಸಿಕೊಳ್ಳಿ. 'ಅವನು ನಿಜವಾಗಿ ದಲಿತನಾ?' ತಾಯಿಯ ಜಾತಿ ಯಾವುದು, ತಂದೆಯ ಜಾತಿ ಯಾವುದು, ಸರ್ಟಿಫಿಕೇಟು ಯಾವುದು. ಸತ್ತ ಮಗನ ಜಾತಿಯನ್ನ ತಾಯಿ ಟಿ.ವಿ. ಮುಂದೆ ರುಜುವಾತು ಮಾಡಬೇಕಾಯ್ತು. ಕೇಂದ್ರ ಸರ್ಕಾರ ನೇಮಿಸಿದ ರೂಪನ್‌ವಾಲ್ ಆಯೋಗದ ವರದಿ 2017ರಲ್ಲಿ ಹೊರಗೆ ಬಂತು. ಸಾವಿಗೆ ಕಾರಣ ವೈಯಕ್ತಿಕ ಹತಾಶೆ, ಕ್ಯಾಂಪಸ್ಸಿನ ತಾರತಮ್ಯ ಅಲ್ಲ ಅಂತ ಅದು ಹೇಳಿತು. 2024ರ ಮೇ ತಿಂಗಳಲ್ಲಿ ತೆಲಂಗಾಣ ಪೊಲೀಸರು ಅವರು ಪರಿಶಿಷ್ಟ ಜಾತಿಯವರೇ ಅಲ್ಲ ಅಂತ ಬರೆದು ಕೇಸು ಮುಚ್ಚೋಕೆ ಹೊರಟರು. ಗದ್ದಲ ಎದ್ದ ಮೇಲೆ ಮತ್ತೆ ತನಿಖೆ ಮಾಡ್ತೀವಿ ಅಂದರು. 'ವೈಯಕ್ತಿಕ ಹತಾಶೆ' ಅನ್ನೋ ಮಾತನ್ನ ಇನ್ನೊಮ್ಮೆ ಓದಿ. ಇದು ಜಿಲ್ಲಾ ಪುಟದ 'ಜೀವನದಲ್ಲಿ ಜಿಗುಪ್ಸೆ'ಯೇ. ಪಂಚೆ ಬಿಟ್ಟು ಸೂಟು ಹಾಕಿಕೊಂಡು ಬಂದಿದೆ, ಅಷ್ಟೇ.

ಸರ್ಕಾರದ ಲೆಕ್ಕದ ಪುಸ್ತಕವೂ ಹೀಗೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಹೀಗೆ ಪ್ರಾಣ ಕಳೆದುಕೊಂಡರು. ಅದರಲ್ಲಿ ವಿದ್ಯಾರ್ಥಿಗಳು 13,044. ದಿನಕ್ಕೆ 35 ಮಂದಿ. ಸುಮಾರು ನಾಲ್ಕರಲ್ಲೊಬ್ಬರು ದಿನಗೂಲಿಯವರು. ಆ ಪುಸ್ತಕದಲ್ಲಿ ಕಾರಣಗಳ ಉದ್ದನೆಯ ಪಟ್ಟಿ ಇದೆ. ಕೌಟುಂಬಿಕ ಸಮಸ್ಯೆ, ಕಾಯಿಲೆ, ಪ್ರೇಮ ಪ್ರಕರಣ, ಪರೀಕ್ಷೆಯಲ್ಲಿ ಫೇಲು, ಬಡತನ, ನಿರುದ್ಯೋಗ, ಸಮಾಜದಲ್ಲಿ ಮರ್ಯಾದೆ ಹೋದದ್ದು, ಎಲ್ಲ ಇದೆ. ಜಾತಿ ತಾರತಮ್ಯ ಅನ್ನೋ ಕಾಲಂ ಇಲ್ಲ. ಕಾಲಂ ಇಲ್ಲದ ಕಾರಣಕ್ಕೆ ಯಾರೂ ಸಾಯೋದಿಲ್ಲ ಅಂತ ಲೆಕ್ಕ! ಲೋಕಸಭೆಯಲ್ಲಿ ಕೇಳಿದ್ದಕ್ಕೆ 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಉತ್ತರ ಕೊಟ್ಟಿತು. 2014ರಿಂದ 2021ರವರೆಗೆ ಐಐಟಿ, ಎನ್‌ಐಟಿ, ಕೇಂದ್ರೀಯ ವಿಶ್ವವಿದ್ಯಾಲಯದಂಥ ಸಂಸ್ಥೆಗಳಲ್ಲಿ 122 ವಿದ್ಯಾರ್ಥಿಗಳು ಹೀಗೆ ತೀರಿಕೊಂಡರು. ಅವರಲ್ಲಿ 24 ಪರಿಶಿಷ್ಟ ಜಾತಿ, 3 ಪರಿಶಿಷ್ಟ ಪಂಗಡ, 41 ಹಿಂದುಳಿದ ವರ್ಗ. ಕೇಳಿದ್ದಕ್ಕೆ ಇಷ್ಟು ಹೊರಗೆ ಬಂತು. ಕೇಳದಿದ್ದರೆ?

*

ಇಲ್ಲಿ ಒಂದು ತೊಡಕಿನ ಮಾತಿದೆ. ಅದನ್ನ ದಾಟಿಕೊಂಡು ಹೋಗೋದು ಸರಿಯಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2000ದಿಂದಲೇ ಪತ್ರಕರ್ತರಿಗಾಗಿ ಒಂದು ಕೈಪಿಡಿ ಕೊಡ್ತಾ ಬಂದಿದೆ. ಅದರ ಇತ್ತೀಚಿನ ರೂಪ 2023ರದು. ನಮ್ಮ ಭಾರತೀಯ ಪತ್ರಿಕಾ ಮಂಡಳಿಯೂ 2019ರ ಸೆಪ್ಟೆಂಬರಿನಲ್ಲಿ ಅದನ್ನೇ ಆಧಾರ ಮಾಡಿಕೊಂಡು ನಿಯಮ ಮಾಡಿತು. ಮುಖಪುಟದಲ್ಲಿ ಎದ್ದುಕಾಣೋ ಹಾಗೆ ಹಾಕಬೇಡಿ. ಅದನ್ನೇ ಮತ್ತೆ ಮತ್ತೆ ಹಾಕಬೇಡಿ. ವಿಧಾನ ಬರೀಬೇಡಿ, ಜಾಗ ಬರೀಬೇಡಿ. ರೋಚಕ ತಲೆಬರಹ ಬೇಡ. ಫೋಟೋ, ವಿಡಿಯೋ ಬೇಡ. ಇದೆಲ್ಲ ಸರಿಯಾದ ಮಾತು. 2021ರ ಜನವರಿಯಲ್ಲಿ ಮುಂಬೈ ಹೈಕೋರ್ಟು, ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ನಂತರ ಟಿ.ವಿ.ಗಳು ನಡೆಸಿದ ವಿಚಾರಣೆಯ ಆಟ ನೋಡಿ, ಈ ನಿಯಮಗಳು ಟಿ.ವಿ.ಗೂ ಅನ್ವಯ ಅಂತ ಹೇಳಿತು. ಆದರೆ ಪತ್ರಿಕಾ ಮಂಡಳಿಗೆ ಎಚ್ಚರಿಕೆ ಕೊಡೋದು, ಛೀಮಾರಿ ಹಾಕೋದು ಬಿಟ್ಟರೆ ಬೇರೆ ಹಲ್ಲಿಲ್ಲ. ಹಲ್ಲಿಲ್ಲದ ಹಾವನ್ನ ನೋಡಿ ಯಾವ ಚಾನೆಲ್ಲು ಹೆದರುತ್ತೆ?

ಕೈಪಿಡಿಯಲ್ಲಿ ಇನ್ನೊಂದು ಮಾತಿದೆ. ಸಾವಿಗೆ ಒಂದೇ ಕಾರಣ ಕೊಟ್ಟು ಸರಳ ಮಾಡಬೇಡಿ. ಇದೂ ನಿಜ. ಒಂದು ಜೀವ ಹೋಗೋಕೆ ಹತ್ತು ಎಳೆ ಸೇರಿರುತ್ತೆ. ಮನಸ್ಸಿನ ಕಾಯಿಲೆ ಇರಬಹುದು, ಸಾಲ ಇರಬಹುದು, ಒಂಟಿತನ ಇರಬಹುದು. ಆದರೆ ಪಟ್ಟಭದ್ರರು ಈ ನಿಜವನ್ನ ಎಷ್ಟು ಚೆನ್ನಾಗಿ ಬಳಸ್ತಾರೆ ನೋಡಿ. 'ಒಂದೇ ಕಾರಣ ಹೇಳಬಾರದು' ಅನ್ನೋದು ಇವರ ಬಾಯಲ್ಲಿ 'ಜಾತಿಯ ಕಾರಣ ಹೇಳಲೇಬಾರದು' ಅಂತ ಆಗುತ್ತೆ. ಅದೇ ಪತ್ರಿಕೆ 'ಪರೀಕ್ಷೆಯಲ್ಲಿ ಫೇಲ್: ವಿದ್ಯಾರ್ಥಿನಿ ಸಾವು' ಅಂತ ಒಂದೇ ಕಾರಣ ಹಾಕೋಕೆ ಒಂದು ಗಳಿಗೆಯೂ ಯೋಚಿಸೋದಿಲ್ಲ. ಪ್ರೇಮ ವೈಫಲ್ಯ ಅಂತ ಬರೆಯೋಕೆ ಸಾಕ್ಷಿ ಬೇಡ. ಜಾತಿ ಅಂತ ಬರೆಯೋಕೆ ಮಾತ್ರ ಸುಪ್ರೀಂ ಕೋರ್ಟಿನ ತೀರ್ಪು ಬೇಕು.

ಹಾಗಾದರೆ ಹೇಗೆ ಬರೀಬೇಕು? ನಮಗೆ ಕಾಣೋ ದಾರಿ ಇದು. ಸತ್ತವರ ಮನಸ್ಸಿನೊಳಗೆ ಕೈ ಹಾಕಬೇಡಿ. ಅದು ಯಾರಿಗೂ ಕಾಣೋದಿಲ್ಲ. ಹೊರಗೆ ನಡೆದದ್ದನ್ನ ಬರೀರಿ. ಯಾವ ತಾರೀಖಿನಿಂದ ಹಣ ನಿಂತಿತು, ಯಾರ ಸಹಿಯಿಂದ ಹಾಸ್ಟೆಲ್ಲು ತಪ್ಪಿತು, ಎಷ್ಟು ಸಲ ಅರ್ಜಿ ಕೊಟ್ಟರು, ಅರ್ಜಿ ಯಾವ ಮೇಜಿನ ಮೇಲೆ ಮಲಗಿತು. ಇವೆಲ್ಲ ಕಾಗದದಲ್ಲಿರೋ ಸತ್ಯಗಳು. ಇವನ್ನ ಬರೆದರೆ ಯಾವ ನಿಯಮವೂ ಮುರಿಯೋದಿಲ್ಲ, ಯಾವ ಓದುಗನಿಗೂ ಸಾವಿನ ದಾರಿ ತೋರಿಸಿದ ಹಾಗೆ ಆಗೋದಿಲ್ಲ. ತೋರಿಸೋದು ತಪ್ಪಿತಸ್ಥರ ಮೇಜಿನ ದಾರಿ ಮಾತ್ರ.

ಇದನ್ನ ಬರೆಯೋಕೆ ಯಾರೂ ಸಾಯಬೇಕಾಗಿಲ್ಲ. 2007ರಲ್ಲಿ ಸುಖದೇವ್ ಥೋರಟ್ ಸಮಿತಿ ದೆಹಲಿಯ ಏಮ್ಸ್ ಬಗ್ಗೆ ವರದಿ ಕೊಟ್ಟಿತು. ದಲಿತ, ಆದಿವಾಸಿ ವಿದ್ಯಾರ್ಥಿಗಳು ಹಾಸ್ಟೆಲ್ಲಿನ ಮೇಲಿನ ಮಹಡಿಗಳಿಗೆ ಹೇಗೆ ತಳ್ಳಿಸಿಕೊಂಡರು, ಮೇಷ್ಟ್ರುಗಳು ಹೇಗೆ ನಡೆಸಿಕೊಂಡರು, ಎಲ್ಲ ಅದರಲ್ಲಿತ್ತು. ಬದುಕಿರೋ ವಿದ್ಯಾರ್ಥಿಗಳನ್ನ ಕೇಳಿ ಬರೆದದ್ದು. 2012ರಲ್ಲಿ ಯುಜಿಸಿ ಕಾಲೇಜುಗಳಲ್ಲಿ ತಾರತಮ್ಯ ತಡೆಯೋಕೆ ನಿಯಮ ಮಾಡಿತು. ಮುಂಬೈಯ ಆಸ್ಪತ್ರೆಯೊಂದರಲ್ಲಿ ಓದ್ತಿದ್ದ ಆದಿವಾಸಿ ವೈದ್ಯೆ ಪಾಯಲ್ ತಡ್ವಿ 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ವರ್ಷ ರೋಹಿತರ ತಾಯಿ, ಪಾಯಲರ ತಾಯಿ ಇಬ್ಬರೂ ಸೇರಿ ಆ ನಿಯಮ ಜಾರಿ ಮಾಡಿಸಿ ಅಂತ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ತಮ್ಮ ಮಕ್ಕಳು ಬರೋದಿಲ್ಲ ಅಂತ ಗೊತ್ತಿದ್ದೂ ಬೇರೆಯವರ ಮಕ್ಕಳಿಗಾಗಿ ಹತ್ತಿದರು. ನಮ್ಮ ಲೆಕ್ಕದಲ್ಲಿ ಮುಖಪುಟದ ಸುದ್ದಿ ಅಂದರೆ ಆ ಇಬ್ಬರು ತಾಯಂದಿರು. 2025ರ ಏಪ್ರಿಲಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ರೋಹಿತ್ ಹೆಸರಿನಲ್ಲಿ ಕಾಯಿದೆ ತರ್ತೀವಿ ಅಂದರು. ಅಂಥ ಕಾಯಿದೆಯಲ್ಲಿ ಏನಿರಬೇಕು ಅಂತ ಹಾಸ್ಟೆಲ್ಲಿನ ಹುಡುಗ ಹುಡುಗಿಯರನ್ನ ಕೇಳಿ ಬರೆಯೋದೂ ಸುದ್ದಿಯೇ.

*

ಭಾಷೆಯ ಬಗ್ಗೆ ಒಂದು ಮಾತು. ನಾವು ಪದ್ಯ ಬರೆಯೋ ಪೈಕಿ, ಆದ್ದರಿಂದ ಇದು ನಮ್ಮನ್ನ ಚುಚ್ಚುತ್ತೆ.

'ಆತ್ಮಹತ್ಯೆಗೆ ಶರಣು.' ಇದು ಕನ್ನಡದ ತಲೆಬರಹ. ಎಷ್ಟೋ ಸಲ ಆತ್ಮಹತ್ಯೆಯ ಜಾಗದಲ್ಲಿ ವಿಧಾನದ ಹೆಸರನ್ನೇ ಹಾಕ್ತಾರೆ. ಶರಣು ಅನ್ನೋದು ಯಾರ ಮಾತು? ಸಮಗಾರ ಹರಳಯ್ಯ ದಾರಿಯಲ್ಲಿ ಶರಣು ಅಂದ. ಬಸವಣ್ಣ ಒಂದು ಶರಣು ಹೆಚ್ಚಿಗೆ ಹಾಕಿ 'ಶರಣು ಶರಣಾರ್ಥಿ' ಅಂದ. ಈ ಕತೆ ನಮ್ಮ ಕೇರಿಗಳಲ್ಲಿ ಮಕ್ಕಳಿಗೂ ಗೊತ್ತು. ಕೀಳು ಅನ್ನಿಸಿಕೊಂಡವನಿಗೆ ತಲೆಬಾಗಿದ ಮಾತು ಅದು. ಮನುಷ್ಯ ಮನುಷ್ಯನಿಗೆ ಹೇಳೋ ಮಾತನ್ನ ತಂದು ಸಾವಿನ ಕಾಲಿಗೆ ಹಾಕಿದ್ದಾರೆ. ಸಾವನ್ನ ದೇವರು ಮಾಡಿ ಕೂರಿಸಿದ್ದಾರೆ. ಆ ತಲೆಬರಹ ಕನ್ನಡದಿಂದ ತೊಲಗಬೇಕು.

'ಮಾಡಿಕೊಂಡ' ಅನ್ನೋದರಲ್ಲೂ ಅಪರಾಧದ ವಾಸನೆ ಇದೆ. ಬ್ರಿಟಿಷರ 1860ರ ದಂಡ ಸಂಹಿತೆಯ 309ನೇ ಸೆಕ್ಷನ್ನು, ಬದುಕಿ ಉಳಿದವನನ್ನೂ ಜೈಲಿಗೆ ಹಾಕಬಹುದು ಅಂದಿತ್ತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಬಂದು, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳೀಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಕೊಡೋದು ಸರ್ಕಾರದ ಕರ್ತವ್ಯ ಅಂತ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೇ 309 ಇಲ್ಲ. ಸರ್ಕಾರಿ ಅಧಿಕಾರಿಯ ಮೇಲೆ ಒತ್ತಡ ತರೋಕೆ ಮಾಡೋ ಪ್ರಯತ್ನಕ್ಕೆ ಮಾತ್ರ ಬೇರೆ ಸೆಕ್ಷನ್ ಉಳಿಸಿದ್ದಾರೆ. ಕಾನೂನೇ ಬದಲಾಯ್ತು, ಪತ್ರಿಕೆಯ ಕನ್ನಡ ಯಾಕೆ ಬದಲಾಗಬಾರದು? 'ಪ್ರಾಣ ಕಳೆದುಕೊಂಡರು' ಅನ್ನಿ. 'ತೀರಿಕೊಂಡರು' ಅನ್ನಿ. ನಮ್ಮ ಅವ್ವಂದಿರು ಸತ್ತವರ ಬಗ್ಗೆ ಹೇಗೆ ಮಾತಾಡ್ತಾರೋ ಹಾಗೆ ಬರೀರಿ, ಸಾಕು.

ಇನ್ನು ನಮ್ಮ ಕವಿಗಳಿಗೆ, ಭಾಷಣಕಾರರಿಗೆ, ಪೋಸ್ಟರ್ ಬರೆಯೋ ಗೆಳೆಯರಿಗೆ. ಸಿಟ್ಟು ಬಂದಾಗ 'ಇದು ಸಾವಲ್ಲ, ಸಂಸ್ಥೆ ಮಾಡಿದ ಕೊಲೆ' ಅಂತೀವಿ. ಆ ಮಾತಿನಲ್ಲಿ ಸತ್ಯ ಇದೆ. ಹೊಣೆ ಯಾರದು ಅಂತ ಅದು ಬೆರಳಿಟ್ಟು ತೋರಿಸುತ್ತೆ. ಆ ಬೆರಳು ಹಾಗೇ ಇರಲಿ. ಆದರೆ ಅದರ ಪಕ್ಕದಲ್ಲೇ 'ನಿನ್ನ ಸಾವೇ ಹೋರಾಟ', 'ಸತ್ತು ಗೆದ್ದೆ' ಅಂತ ಬರೆಯೋದು ಬೇಡ. ರಾತ್ರಿ ಎರಡು ಗಂಟೆಗೆ ಕೋಣೆಯಲ್ಲಿ ಒಬ್ಬನೇ ಕೂತ ಹುಡುಗ ಆ ಸಾಲನ್ನ ಹೇಗೆ ಓದ್ತಾನೆ ಯೋಚಿಸಿ. 'ಬದುಕಿದ್ದಾಗ ನನ್ನ ಮಾತು ಯಾರೂ ಕೇಳಲಿಲ್ಲ, ಸತ್ತರೆ ಕೇಳ್ತಾರೆ' ಅಂತ ಓದ್ತಾನೆ. ಇದು ಸುಳ್ಳು. ಸತ್ತರೂ ಕೇಳೋದಿಲ್ಲ. ಸರ್ಟಿಫಿಕೇಟು ಕೇಳ್ತಾರೆ. ನಮಗೆ ಹುತಾತ್ಮರ ಪಟ್ಟಿ ಉದ್ದ ಆಗೋದು ಬೇಡ. ಅಟೆಂಡೆನ್ಸಿನ ಪಟ್ಟಿ ಉದ್ದ ಆಗಬೇಕು.

ಕವಿಗಳಿಗೆ ಬರೆಯೋಕೆ ಇನ್ನೊಂದು ಕತೆ ಇದೆ. 1917ರ ಸೆಪ್ಟೆಂಬರ್. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ 26ರ ಹುಡುಗನೊಬ್ಬ ಬರೋಡಾದಲ್ಲಿ ನೌಕರಿಗೆ ಸೇರಿದ. ಇಡೀ ಊರಿನಲ್ಲಿ ಅವನಿಗೆ ಮಲಗೋಕೆ ಜಾಗ ಇಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿಗಳ ವಸತಿಗೃಹದಲ್ಲಿ ಇದ್ದ. ಗೊತ್ತಾದಾಗ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಸ್ನೇಹಿತರೂ ಒಳಗೆ ಕರೀಲಿಲ್ಲ. ಒಂದು ಉದ್ಯಾನದಲ್ಲಿ ಕೂತು ಅತ್ತ. ಆಮೇಲೆ ರೈಲು ಹತ್ತಿ ಬೊಂಬಾಯಿಗೆ ಬಂದ. ಎರಡೂವರೆ ವರ್ಷದೊಳಗೆ, 1920ರ ಜನವರಿ 31ಕ್ಕೆ ಸ್ವಂತ ಪತ್ರಿಕೆ ಹೊರಡಿಸಿದ. ಪತ್ರಿಕೆಯ ಹೆಸರು 'ಮೂಕನಾಯಕ'. ಆ ಹುಡುಗನ ಹೆಸರು ಭೀಮರಾವ್.

ತೀರಿಕೊಂಡವರು ಹೇಡಿಗಳು, ಬಾಬಾಸಾಹೇಬರು ಗಟ್ಟಿಗರು ಅಂತ ಹೇಳೋಕೆ ಇದನ್ನ ಬರೀತಿಲ್ಲ. ಹಾಗೆ ಯಾರಾದರೂ ಅಂದರೆ ಅವರ ಬಾಯಿ ಮುಚ್ಚಿಸಿ. ನಾವು ಹೇಳೋದಿಷ್ಟೇ. ಸಾವಿನ ಸುದ್ದಿ ಹೇಗೆ ಹರಡುತ್ತೋ ಬದುಕಿದ ಸುದ್ದಿಯೂ ಹಾಗೇ ಹರಡುತ್ತೆ. 2010ರಲ್ಲಿ ಅದೇ ವಿಯೆನ್ನಾದ ಸಂಶೋಧಕರು ಇದನ್ನೂ ಕಂಡುಕೊಂಡರು. ಸಾಯಬೇಕು ಅನ್ನಿಸಿಯೂ ಕಷ್ಟ ದಾಟಿ ಬದುಕಿದವರ ಬಗ್ಗೆ ಪತ್ರಿಕೆಗಳು ಬರೆದಾಗ ಸಾವಿನ ಲೆಕ್ಕ ಇಳಿಯುತ್ತೆ. ಮೊಜಾರ್ಟನ ಸಂಗೀತ ನಾಟಕವೊಂದರಲ್ಲಿ ಪಾಪಗೇನೊ ಅನ್ನೋ ಹಕ್ಕಿ ಹಿಡಿಯೋನು ಸಾಯೋಕೆ ಹೊರಟಾಗ ಮೂರು ಹುಡುಗರು ಬಂದು ಬೇರೆ ದಾರಿ ನೆನಪಿಸ್ತಾರೆ. ಆದ್ದರಿಂದ ಅದಕ್ಕೆ 'ಪಾಪಗೇನೊ ಪರಿಣಾಮ' ಅಂತ ಹೆಸರಿಟ್ಟರು. ಮೂರು ಹುಡುಗರು! ಪ್ರತಿ ಹಾಸ್ಟೆಲ್ಲಿನಲ್ಲೂ ಮೂರು ಹುಡುಗರು, ಮೂರು ಹುಡುಗಿಯರು ಸಿಗೋದಿಲ್ಲವಾ?

*

ಆದ್ದರಿಂದ ನಮ್ಮ ಒತ್ತಾಯಗಳು ಇವು.

1. ಪತ್ರಿಕೆಗಳು, ಟಿ.ವಿ.ಗಳು ಸಾವಿನ ವಿಧಾನ, ಜಾಗ, ಕೊನೆಯ ಪತ್ರ, ಹೆಣದ ಚಿತ್ರ ಹಾಕಬಾರದು. ಅಳ್ತಿರೋ ಮನೆಯವರ ಮುಖಕ್ಕೆ ಮೈಕು ಹಿಡೀಬಾರದು.

2. 'ಜಿಗುಪ್ಸೆ', 'ಶರಣು' ಅನ್ನೋ ಪದಗಳನ್ನ ಸುದ್ದಿಮನೆಯಿಂದ ಹೊರಗೆ ಹಾಕಬೇಕು. ಠಾಣೆಯ ರೈಟರ್ ಹೇಳಿದ ಕಾರಣವನ್ನ ಹಾಗೇ ನುಂಗಬಾರದು.

3. ಪ್ರತಿ ಸುದ್ದಿಯ ಕೆಳಗೆ ಸಹಾಯವಾಣಿಯ ನಂಬರು ಹಾಕಬೇಕು. ಕಾಟಾಚಾರಕ್ಕೆ ಇರುವೆ ಅಕ್ಷರದಲ್ಲಿ ಅಲ್ಲ, ಕಣ್ಣಿಗೆ ಕಾಣೋ ಹಾಗೆ.

4. ಜಿಲ್ಲಾ ವರದಿಗಾರ ವರ್ಷಕ್ಕೆ ಎರಡು ಸಲವಾದರೂ ಎಸ್‌ಸಿ, ಎಸ್‌ಟಿ, ಬಿಸಿಎಂ ಹಾಸ್ಟೆಲ್ಲುಗಳ ಒಳಗೆ ಬರಬೇಕು. ಯಾರೂ ಸಾಯದಿದ್ದಾಗ ಬರಬೇಕು. ಸ್ಕಾಲರ್‌ಷಿಪ್ಪು ಬಂತಾ, ದೂರಿನ ಪೆಟ್ಟಿಗೆಯ ಬೀಗ ಯಾವತ್ತಾದರೂ ತೆಗೆದಿದ್ದಾರಾ ಅಂತ ಕೇಳಬೇಕು.

5. ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಜಾತಿ ತಾರತಮ್ಯಕ್ಕೆ ಒಂದು ಕಾಲಂ ಬೇಕು.

ಇವು ಅವರಿಗೆ. ನಮಗೆ ನಾವೇ ಹೇಳಿಕೊಳ್ಳಬೇಕಾದ್ದೂ ಇದೆ. ಇವತ್ತು ಪ್ರತಿಯೊಬ್ಬನ ಜೇಬಿನಲ್ಲೂ ಒಂದು ಪತ್ರಿಕಾ ಕಚೇರಿ ಇದೆ. ಅಂಥ ಫೋಟೋ, ಅಂಥ ಪತ್ರ ವಾಟ್ಸಾಪಿನಲ್ಲಿ ಬಂದರೆ ಅಲ್ಲೇ ಅಳಿಸಿ. ಮುಂದಕ್ಕೆ ತಳ್ಳಬೇಡಿ. ಕೋಣೆಯ ಗೆಳೆಯ ಊಟ ಬಿಟ್ಟರೆ, ಪುಸ್ತಕ ಬಟ್ಟೆ ಅವರಿವರಿಗೆ ಕೊಡೋಕೆ ಶುರು ಮಾಡಿದರೆ, 'ಇನ್ನೇನಿದೆ ಬಿಡಪ್ಪ' ಅಂತ ಪದೇ ಪದೇ ಅಂದರೆ, ಪಕ್ಕ ಕೂತು ನೇರವಾಗಿ ಕೇಳಿ: 'ಸಾಯಬೇಕು ಅಂತ ಅನ್ನಿಸ್ತಿದೆಯಾ?' ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ನಂಬಿಕೆ. ಕೇಳಿದರೆ ಎದೆ ಹಗುರಾಗುತ್ತೆ. ಬುದ್ಧಿವಾದ ಬೇಡ, ಕಿವಿ ಕೊಡಿ. ಒಬ್ಬನನ್ನೇ ಬಿಡಬೇಡಿ. ಮನೋವೈದ್ಯರ ಹತ್ತಿರ ಜೊತೆಗೆ ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲೇ ಮನಸ್ಸಿಗೆ ಮದ್ದು ಸಿಗಬೇಕು ಅನ್ನೋ ಯೋಜನೆಗೆ ದಾರಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿ ತೋರಿಸಿದ್ದನ್ನ ದೇಶ ಆಮೇಲೆ ತೆಗೆದುಕೊಂಡಿತು. ಅದು ನಮ್ಮ ಹಕ್ಕು. ನಾಚಿಕೆ ಯಾಕೆ?

ಟೆಲಿ ಮಾನಸ್: 14416. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನ ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ, ಬಾಬಾಸಾಹೇಬರ ಫೋಟೋದ ಕೆಳಗೆ, ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.

ಇದನ್ನ ಓದ್ತಿರೋ ನಿನಗೇ ಹಾಗೆ ಅನ್ನಿಸ್ತಿದ್ದರೆ, ತಮ್ಮಾ, ತಂಗೀ, ಈ ಹಾಳೆಯನ್ನ ಮಡಿಸಿ ಪಕ್ಕದ ಕೋಣೆಯ ಬಾಗಿಲು ತಟ್ಟು. ಯಾವ ಹೊತ್ತಾದರೂ ಸರಿ. ನೀನು ಸುದ್ದಿಯಾಗೋದು ನಮಗೆ ಬೇಡ. ಮುಂದಿನ ಸಭೆಯಲ್ಲಿ ನಮ್ಮ ಪಕ್ಕ ಕೂತಿರು. ಅವರ ನಾಲ್ಕು ಸಾಲಿನಲ್ಲಿ ಮುಗಿಯೋ ಜೀವವಲ್ಲ ನಿನ್ನದು.

ಜೈಭೀಮ್.